‘ಹೇಕೆ ಮೊನೊಗತಾರಿ’ ಚಿತ್ರಮಾಲಿಕೆಯ ಪುನರ್ದರ್ಶನ

(೧)

ಚಿತ್ರಗಳನ್ನು ಒಂದರ ಹಿಂದೊಂದಾಗಿ ಬರೆದು, ಅವುಗಳಿಗೆ ಚಲನವನ್ನೂ ಧ್ವನಿಯನ್ನೂ ಕೂಡಿಸಿ ಕಥೆಯನ್ನು ತೋರಿಸುವ ಕಲೆಗೆ ಜಪಾನಿನಲ್ಲಿ ‘ಅನಿಮೆ’ ಎಂದು ಹೆಸರು. ಈ ಕಲೆಯು ಬಾಲಕರ ವಿನೋದಕ್ಕಾಗಿಯೇ ಹುಟ್ಟಿದುದೆಂಬ ಭಾವನೆಯು ಕನ್ನಡನಾಡಿನಲ್ಲಿ ಬಲವಾಗಿ ಬೇರೂರಿರುವುದು. ಬರೆದ ಚಿತ್ರವೆಂಬ ಒಂದೇ ಕಾರಣದಿಂದ ಒಂದು ಕೃತಿಯನ್ನು ಮಕ್ಕಳಾಟವೆಂದು ತಳ್ಳಿಹಾಕುವುದು, ಮುಖಕ್ಕೆ ಬಣ್ಣ ಬಳಿದಿರುವರೆಂಬ ಕಾರಣದಿಂದ ಬಯಲಾಟವನ್ನು ತಳ್ಳಿಹಾಕಿದಂತೆಯೇ ಸರಿ. ಜಪಾನಿನಲ್ಲಿ ಪ್ರೌಢಪ್ರೇಕ್ಷಕರಿಗಾಗಿಯೇ ರಚಿತವಾದ ಚಿತ್ರಮಾಲಿಕೆಗಳು ಅನೇಕವಿರುವುವು. ಅವುಗಳಲ್ಲಿ ನವೊಕೊ ಯಮಾದಾ ಅವರು ನಿರ್ದೇಶಿಸಿದ ‘ಹೇಕೆ ಮೊನೊಗತಾರಿ’ ಎಂಬುದು ಒಂದು. ೨೦೨೧ನೆಯ ಸೆಪ್ಟಂಬರಿನಲ್ಲಿ ಅಂತರ್ಜಾಲದ ಮೂಲಕವೂ, ೨೦೨೨ರ ಜನವರಿಯಿಂದ ಮಾರ್ಚಿಯವರೆಗೆ ಜಪಾನಿನ ದೂರದರ್ಶನದಲ್ಲಿಯೂ ಪ್ರಕಟವಾದ ಹನ್ನೊಂದು ಕಂತುಗಳ ಈ ಕೃತಿಗೆ, ಕಾದಾಟದ ಮತ್ತು ಮಾಯಾವಿನೋದದ ಮಾಲಿಕೆಗಳಿಗೆ ದೊರೆತಷ್ಟು ಪ್ರಚಾರವು ದೊರೆಯಲಿಲ್ಲ. ನೋಡಿದವರಲ್ಲಿಯೂ ಒಂದು ಸಲ ನೋಡಿ ಹೆಸರುಗಳ ಗೊಂದಲದಲ್ಲಿ ಕಥೆಯನ್ನು ಕೈಬಿಟ್ಟವರುಂಟು. ಎರಡನೆಯ ಸಲ ನೋಡಿದವರಿಗಾದರೋ ಇದರ ಸ್ವರೂಪವೇ ಬೇರೆಯಾಗಿ ತೋರುವುದು. ಹಾಗೆ ತೋರುವುದಕ್ಕೆ ಕಾರಣವು ಕೃತಿಯ ಕಟ್ಟಡದಲ್ಲಿಯೇ ಇರುವುದೆಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಕಾರವಾರ ಅಂಕೋಲೆಗಳ ಪ್ರೇಕ್ಷಕನಿಗೆ ಈ ವಿಚಾರವು ಹೊಸದಾಗಿ ತೋರಲಾರದು. ಆ ಸೀಮೆಯ ಊರುಗಳಲ್ಲಿ ಚಳಿಗಾಲದ ರಾತ್ರಿ ಗದ್ದೆಯ ಬಯಲಿನಲ್ಲಿ ಕುಳಿತು ‘ಅಭಿಮನ್ಯು ಕಾಳಗ’ವನ್ನು ನೋಡುವವನಿಗೆ ಬಾಲಕನು ವ್ಯೂಹದಿಂದ ಹಿಂದಿರುಗುವುದಿಲ್ಲವೆಂಬುದು ಚಂಡೆಯ ಪೆಟ್ಟು ಕೇಳುವ ಮೊದಲೇ ತಿಳಿದಿರುವುದು. ಕಥೆಯು ಮುಂದೇನಾಗುವುದೋ ಎಂಬ ಕುತೂಹಲದಿಂದ ಅವನು ಬಂದವನಲ್ಲ. ಆಗುವುದನ್ನೆಲ್ಲ ಬಲ್ಲವನಾಗಿಯೇ ಬಂದು, ಬೆಳಗಾಗುವವರೆಗೆ ಕುಳಿತು, ಕಣ್ಣೊರಸಿಕೊಂಡು ಮನೆಗೆ ಹೋಗುವನು. ಆದುದರಿಂದ ಅವನ ನೋಟವು ಸದಾ ಪುನರ್ದರ್ಶನವೇ. ಈ ಜಪಾನೀ ಕೃತಿಯೂ ಅಂತಹ ನೋಟವನ್ನೇ ಬಯಸುವುದು.

(೨)

ಮೊದಲು ವಸ್ತುವನ್ನು ಸಂಗ್ರಹಿಸಿ ಹೇಳತಕ್ಕದ್ದು. ಹನ್ನೆರಡನೆಯ ಶತಮಾನದ ಜಪಾನಿನಲ್ಲಿ ತಾಯಿರಾ ಅಥವಾ ಹೇಕೆ ಎಂಬ ಕ್ಷಾತ್ರಕುಲವು ಅತ್ಯುನ್ನತಿಗೇರಿತು. ಅದರ ಯಜಮಾನನಾದ ಕಿಯೊಮೊರಿಯು ೧೧೬೭ರಲ್ಲಿ ಮಹಾಮಂತ್ರಿಪದವಿಯನ್ನು ಪಡೆದನು. ಮಗಳಾದ ತೊಕುಕೊವನ್ನು ತಕಾಕುರಾ ಚಕ್ರವರ್ತಿಗೆ ಕೊಟ್ಟನು. ಅವಳ ಶಿಶುವಾದ ಅಂತೊಕುವು ೧೧೮೦ರಲ್ಲಿ ಸಿಂಹಾಸನವನ್ನೇರಿದನು. ಕುಲದಲ್ಲಿ ವಿವೇಕಿಯೆನಿಸಿದ ಜ್ಯೇಷ್ಠಪುತ್ರ ಶಿಗೆಮೊರಿಯು ೧೧೭೯ರಲ್ಲಿಯೂ, ಕಿಯೊಮೊರಿಯು ೧೧೮೧ರಲ್ಲಿ ಘೋರವಾದ ಜ್ವರದಿಂದಲೂ ತೀರಿದರು. ಪ್ರತಿಸ್ಪರ್ಧಿಗಳಾದ ಗೆಂಜಿಕುಲದವರು ಎದ್ದು ಬಂದುದರಿಂದ ಹೇಕೆಯವರು ೧೧೮೩ರಲ್ಲಿ ತಮ್ಮ ಮನೆಗಳಿಗೆ ತಾವೇ ಬೆಂಕಿಯಿಟ್ಟು ರಾಜಧಾನಿಯನ್ನು ಬಿಟ್ಟರು. ೧೧೮೫ನೆಯ ಏಪ್ರಿಲಿನಲ್ಲಿ ದಾನ್-ನೊ-ಉರಾ ಎಂಬ ಜಲಸಂಧಿಯ ನೌಕಾಯುದ್ಧದಲ್ಲಿ ಕುಲವು ನಾಶವಾಯಿತು. ಆರು ವರ್ಷದ ಬಾಲಚಕ್ರವರ್ತಿಯನ್ನು ಎತ್ತಿಕೊಂಡು ಅಜ್ಜಿಯು ಸಮುದ್ರಕ್ಕೆ ಹಾರಿದಳು. ಬದುಕಿ ಉಳಿದ ತೊಕುಕೊವು ಸಂನ್ಯಾಸಿನಿಯಾಗಿ ಓಹಾರಾದ ಗಿರಿಗ್ರಾಮದ ಜಾಕ್ಕೋ-ಇನ್ ಎಂಬ ಆಶ್ರಮದಲ್ಲಿ ದಿನಗಳನ್ನು ಕಳೆದಳು.

ಈ ವೃತ್ತಾಂತವನ್ನು ‘ಬೀವಾ’ ಎಂಬ ತಂತೀವಾದ್ಯವನ್ನು ನುಡಿಸುತ್ತ ಊರೂರಿಗೆ ಹಾಡಿದವರು ಅಂಧಗಾಯಕರು. ಅವರಲ್ಲೊಬ್ಬನಾದ ಕಾಕುಇಚಿಯು ೧೩೭೧ರಲ್ಲಿ ಹೇಳಿ ಬರೆಯಿಸಿದ ಪಾಠವೇ ಇಂದು ಪ್ರಮಾಣವೆನಿಸಿರುವುದು. ಕಾವ್ಯದ ಮೊದಲಲ್ಲಿಯೇ ಶ್ರಾವಸ್ತಿಯ ಜೇತವನವಿಹಾರದ ಘಂಟೆಯೂ ಸಾಲವೃಕ್ಷದ ಹೂವೂ ಅನಿತ್ಯತೆಯ ದೃಷ್ಟಾಂತಗಳಾಗಿ ಬರುವುವು. ಬೀವಾವಾದ್ಯವನ್ನು ತೊಡೆಯ ಮೇಲಿರಿಸಿಕೊಂಡ ಬೆನ್‌ಜಾಯ್‌ತೆನ್ ಎಂಬ ಜಪಾನಿನ ದೇವತೆಯಾದರೋ ಸರಸ್ವತಿಯೇ ಆಗಿರುವಳು. ಹೇಕೆಯವರು ನಂಬಿದ ಇತ್ಸುಕುಶಿಮಾ ಕ್ಷೇತ್ರದಲ್ಲಿ, ನೀರಿನಲ್ಲಿಯೇ ತೋರಣದ್ವಾರವು ನಿಂತಿರುವ ಆ ಸ್ಥಳದಲ್ಲಿ, ಈ ದೇವಿಗೂ ಪೂಜೆಯು ಸಲ್ಲುತ್ತ ಬಂದಿರುವುದು. ಭಾರತೀಯ ಸಹೃದಯನಿಗೆ ಈ ಕಥೆಯು ಕೇವಲ ಪರದೇಶದ್ದಾಗಿ ತೋರದಿರುವುದಕ್ಕೆ ಇಷ್ಟು ಸಾಕು.

ಹಿದೆಯೊ ಫುರುಕಾವಾ ಅವರು ಈ ಕಾವ್ಯವನ್ನು ಇಂದಿನ ಜಪಾನೀ ಭಾಷೆಗೆ ತಂದಿರುವರು. ಆ ಅನುವಾದವನ್ನು ಆಧರಿಸಿ ರೇಕೊ ಯೊಶಿದಾ ಅವರು ಚಿತ್ರಕಥೆಯನ್ನು ಬರೆದರು. ಸಾಯನ್ಸ್ ಸಾರು ಎಂಬ ಸಂಸ್ಥೆಯು ಚಿತ್ರಗಳನ್ನು ಸಿದ್ಧಪಡಿಸಿತು. ಸಂಗೀತವು ಕೆನ್ಸುಕೆ ಉಶಿಯೊ ಅವರದು. ಯುದ್ಧಗಳ ವರ್ಣನೆಗೆ ಪ್ರಸಿದ್ಧವಾದ ದೊಡ್ಡ ಕಾವ್ಯವನ್ನು ಹನ್ನೊಂದು ಸಣ್ಣ ಕಂತುಗಳಿಗೆ ಇಳಿಸುವಾಗ ಅವರು ಯುದ್ಧವನ್ನು ಹಿಂದಿಕ್ಕಿ ಮನೆಯನ್ನು ಮುಂದಿಟ್ಟಿರುವರು. ಅಂಗಳದ ಹೂವು, ಮಳೆ, ಚಿಟ್ಟೆ, ಮಕ್ಕಳ ಜಗಳ, ಕೊಳಲಿನ ಅಭ್ಯಾಸ ಇವುಗಳಿಗೆ ದೊರೆತಿರುವ ಅವಕಾಶವು ಖಡ್ಗಗಳಿಗೆ ದೊರೆತಿಲ್ಲ.

(೩)

ಮೂಲಕಾವ್ಯದಲ್ಲಿಲ್ಲದ ಒಂದು ಪಾತ್ರವನ್ನು ಮಾಲಿಕೆಯ ಕರ್ತೃಗಳು ಕಲ್ಪಿಸಿರುವರು. ಅವಳು ವಾದ್ಯದ ಹೆಸರನ್ನೇ ಹೊತ್ತ ಬಾಲಿಕೆ ಬೀವಾ. ಅವಳ ತಂದೆಯು ಅಂಧನಾದ ಬೀವಾಗಾಯಕ. ಹೇಕೆಕುಲದ ಗೂಢಚಾರ ಬಾಲಕರ ಕೈಯಿಂದ ಅವನು ಹತನಾಗುವನು. ಬಾಲಿಕೆಯ ಒಂದು ಕಣ್ಣಿಗೆ ಮುಂದಾಗುವುದನ್ನು ಕಾಣುವ ಶಕ್ತಿಯುಂಟು. ಶಿಗೆಮೊರಿಗಾದರೋ ಸತ್ತವರನ್ನು ಕಾಣುವ ಕಣ್ಣು. ಮೂಲಕಾವ್ಯದಲ್ಲಿ ‘ದೀಪಗಳ ಮಂತ್ರಿ’ಯೆಂದು ಹೆಸರಾದ ಈತನು, ಕತ್ತಲೆಯಲ್ಲಿ ಸುತ್ತ ನೆರೆಯುವ ಪ್ರೇತಗಳ ನಡುವೆ ದೀಪವಿರಿಸಿಕೊಂಡು ಕುಳಿತಿರುವಂತೆ ಇಲ್ಲಿ ಚಿತ್ರಿತನಾಗಿರುವನು. ಹೇಕೆಯವರು ನಾಶವಾಗುವರೆಂದು ಬಾಲಿಕೆಯು ಅವನ ಎದುರಿಗೇ ನುಡಿದರೂ ಅವನು ಕೋಪಿಸುವುದಿಲ್ಲ. ತನ್ನವರು ಮಾಡಿದ ಕೊಲೆಗೆ ಕ್ಷಮೆ ಬೇಡಿ ಅವಳನ್ನು ಮನೆಯಲ್ಲಿಯೇ ಇರಿಸಿಕೊಳ್ಳುವನು. ಹೀಗೆ ತಂದೆಯನ್ನು ಕೊಂದವರ ಮನೆಯಲ್ಲಿ ಬೆಳೆಯುವ ಬೀವಾ ಆ ಮನೆಯವರನ್ನೇ ಪ್ರೀತಿಸಲಾರಂಭಿಸುವಳು. ಪ್ರೀತಿಸಿದ ಪ್ರತಿಯೊಬ್ಬನ ಮರಣವೂ ಅವಳಿಗೆ ಮುಂದಾಗಿ ಕಾಣುವುದು. ಶಿಗೆಮೊರಿಯು ತೀರಿದ ಮೇಲೆ ಅವನ ದೃಷ್ಟಿಯೂ ಅವಳಿಗೇ ಬರುವುದು. ಅಂದಿನಿಂದ ಒಂದು ಕಣ್ಣಿನಲ್ಲಿ ಸಾಯಲಿರುವವರು, ಇನ್ನೊಂದರಲ್ಲಿ ಸತ್ತವರು.

ಇನ್ನೊಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಶಿಗೆಮೊರಿಯ ಮಕ್ಕಳಾದ ಕೊರೆಮೊರಿ, ಸುಕೆಮೊರಿ, ಕಿಯೊತ್ಸುನೆ ಎಂಬವರು ಬೆಳೆದು ಯೋಧರಾದರೂ ಬೀವಾ ಬಾಲಿಕೆಯಾಗಿಯೇ ಉಳಿಯುವಳು. ನಡುನಡುವೆ ಬೆಳ್ಳಿಗೂದಲಿನ ಗಾಯಿಕೆಯಾಗಿ ಅವಳೇ ಕಾಣಿಸಿಕೊಂಡು ಕಥೆಯನ್ನು ಹಾಡುವಳು. ಕಾಲಪ್ರವಾಹದಲ್ಲಿ ಉಳಿದವರೆಲ್ಲರೂ ಸಾಗಿ ಹೋಗುತ್ತಿರಲು ಅವಳೊಬ್ಬಳು ದಡದಲ್ಲಿ ನಿಂತಿರುವಳು. ಪ್ರೇಕ್ಷಕನ ಸ್ಥಿತಿಯೂ ಇದೇ ಅಲ್ಲವೇ?

(೪)

ಇಲ್ಲಿಯೇ ಪುನರ್ದರ್ಶನದ ರಹಸ್ಯವಿರುವುದು. ಮೊದಲನೆಯ ಸಲ ನೋಡುವವನು ಬೀವಾಳನ್ನು ಹೊರಗಿನಿಂದ ನೋಡುವನು. ಅವಳು ಏಕೆ ಥಟ್ಟನೆ ಮುಖ ತಿರುಗಿಸುವಳು, ನಗುವವರ ನಡುವೆ ಏಕೆ ಮೌನವಾಗುವಳು ಎಂಬುದು ಅವನಿಗೆ ಅರೆಬರೆಯಾಗಿ ಮಾತ್ರ ತಿಳಿಯುವುದು. ಎರಡನೆಯ ಸಲ ಕುಳಿತಾಗ ಅವನಿಗೂ ಅದೇ ಕಣ್ಣು ಬಂದಿರುವುದು. ಕೊಳಲು ನುಡಿಸುವ ಕಿಯೊತ್ಸುನೆಯನ್ನು ಕಂಡೊಡನೆಯೇ ಆ ಬಾಲಕನು ಮುಂದೆ ಹಡಗಿನಿಂದ ಸಮುದ್ರಕ್ಕೆ ಇಳಿದು ಹೋಗುವನೆಂಬ ಜ್ಞಾನವು ನೋಡುವವನ ಮನಸ್ಸಿನಲ್ಲಿ ಎದ್ದು ನಿಲ್ಲುವುದು. ನರ್ತನದಲ್ಲಿ ಕುಶಲನೂ ಮೃದುಸ್ವಭಾವದವನೂ ಆದ ಕೊರೆಮೊರಿಯು ೧೧೮೦ರಲ್ಲಿ ಫುಜಿನದಿಯ ದಡದಲ್ಲಿ ಸೇನಾಪತಿಯಾಗಿರುವನು. ರಾತ್ರಿಯಲ್ಲಿ ನೀರುಹಕ್ಕಿಗಳು ಒಮ್ಮೆಲೇ ಎದ್ದ ಸದ್ದನ್ನು ಶತ್ರುಸೈನ್ಯವೆಂದು ಬಗೆದು ಅವನ ಪಡೆಯೆಲ್ಲ ಓಡಿಹೋಗುವುದು. ಮೊದಲ ನೋಟಕ್ಕೆ ಇದು ಹಾಸ್ಯಾಸ್ಪದವಾದ ಹೇಡಿತನ. ಆತನು ಕೊನೆಗೆ ಮುಂಡನ ಮಾಡಿಸಿಕೊಂಡು ನಾಚಿಯ ಕಡಲಿನಲ್ಲಿ ಮುಳುಗುವನೆಂಬುದನ್ನು ಬಲ್ಲವನಿಗೆ ಆ ಹಕ್ಕಿಗಳ ಸದ್ದು ನಗೆಯನ್ನು ತರಲಾರದು.

ಆದಿಗೀತವನ್ನೂ ಇದಕ್ಕೆ ಉದಾಹರಿಸಬಹುದು. ಪ್ರಾಚೀನಕಥೆಗೆ ಆಧುನಿಕ ವಾದ್ಯಗಳ ಉಲ್ಲಾಸಕರವಾದ ಹಾಡನ್ನು ಜೋಡಿಸಿ, ಕುಲದವರೆಲ್ಲರೂ ನಗುತ್ತಿರುವ ಚಿತ್ರಗಳನ್ನು ಅದರೊಡನೆ ತೋರಿಸಿರುವರು. ಇದು ಅನುಚಿತವೆಂದು ಮೊದಲು ತೋರುವುದು ಸಹಜ. ಪುನರ್ದರ್ಶನದಲ್ಲಾದರೋ ಆ ನಗೆಮುಖಗಳು ಸತ್ತವರ ಮುಖಗಳೆಂದು ತಿಳಿದಿರುವುದರಿಂದ, ಅದೇ ಹಾಡು ಪ್ರತಿ ಕಂತಿನ ಮೊದಲಲ್ಲಿ ಶ್ರಾದ್ಧದ ದಿನ ಹಿರಿಯರ ಭಾವಚಿತ್ರವನ್ನು ಹೊರತೆಗೆದಂತೆ ಪರಿಣಮಿಸುವುದು.

ಅಭಿನವಗುಪ್ತಾಚಾರ್ಯರು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿರುವರು. ಅವುಗಳಲ್ಲಿ ಸ್ಫುಟತೆಯಿಲ್ಲದಿರುವುದು ಒಂದು, ಸಂಶಯವು ಇನ್ನೊಂದು. ಕಣ್ಣೀರನ್ನು ಕಂಡಾಗ ಅದು ಶೋಕದ್ದೋ ಆನಂದದ್ದೋ ಎಂದು ನಿಶ್ಚಯವಾಗದಿದ್ದರೆ ಚಿತ್ತವು ಅಲ್ಲಿಯೇ ತಡೆದು ನಿಲ್ಲುವುದು. ಈ ಮಾಲಿಕೆಯ ಪ್ರಥಮದರ್ಶನದಲ್ಲಿ ಈ ಎರಡು ವಿಘ್ನಗಳೂ ಪ್ರಬಲವಾಗಿರುವುವು. ‘ಮೊರಿ’ ಎಂದು ಮುಗಿಯುವ ಹೆಸರುಗಳೇ ಹಲವಿರುವುದರಿಂದ ಸ್ಫುಟತೆಯಿಲ್ಲ. ಶಿಗೆಮೊರಿಯ ಮಂದಹಾಸವು ವಾತ್ಸಲ್ಯದಿಂದ ಹುಟ್ಟಿದುದೋ, ಬೆನ್ನ ಹಿಂದೆ ನಿಂತ ಪ್ರೇತವನ್ನು ಮಕ್ಕಳಿಂದ ಮರೆಸುವುದಕ್ಕಾಗಿ ತಂದುಕೊಂಡುದೋ ತಿಳಿಯದು. ಎರಡನೆಯ ನೋಟದಲ್ಲಿ ಇವೆರಡೂ ತಾವಾಗಿಯೇ ನೀಗುವುವು. ಕಥೆಯು ಗೊತ್ತಾದ ಮೇಲೆ ಸ್ವಾರಸ್ಯವೇನು ಉಳಿಯಿತೆಂದು ಕೇಳುವವರಿಗೆ ಇದೇ ಉತ್ತರ. ಕುತೂಹಲವು ರಸವಲ್ಲ, ಅದು ತೀರಿದ ಬಳಿಕವೂ ಉಳಿಯುವುದಾವುದೋ ಅದರಿಂದಲೇ ಕೃತಿಯನ್ನು ಅಳೆಯತಕ್ಕದ್ದು.

ಭವಭೂತಿಯು ‘ಉತ್ತರರಾಮಚರಿತ’ದ ಪ್ರಥಮಾಂಕದಲ್ಲಿ ಸೀತಾರಾಮರಿಗೆ ಅವರ ಪೂರ್ವವೃತ್ತಾಂತವನ್ನೇ ಚಿತ್ರಪಟದಲ್ಲಿ ತೋರಿಸಿರುವನು. ಕಳೆದುಹೋದ ದುಃಖವನ್ನು ಚಿತ್ರದಲ್ಲಿ ಕಂಡು ಅವರು ಮರಳಿ ಕಲಕುವರು. ನಾಟಕವನ್ನು ಬಲ್ಲ ಸಾಮಾಜಿಕನಾದರೋ, ಮುಂದೆ ಕ್ಷಣಮಾತ್ರದಲ್ಲಿ ಒದಗಲಿರುವ ಪರಿತ್ಯಾಗವನ್ನು ನೆನೆದು ಅವರಿಗಿಂತಲೂ ಮಿಗಿಲಾಗಿ ಕಲಕುವನು. ಕನ್ನಡದಲ್ಲಿ ರನ್ನನು ‘ಗದಾಯುದ್ಧ’ದಲ್ಲಿ ಸಿಂಹಾವಲೋಕನಕ್ರಮವನ್ನು ಹಿಡಿದು, ಯುದ್ಧದ ಕೊನೆಯ ದಿನದಿಂದ ಹಿಂದಿನದೆಲ್ಲವನ್ನೂ ತಿರುಗಿ ನೋಡುವಂತೆ ಮಾಡಿರುವನು. ಬಂಧುಗಳ ಶವಗಳ ನಡುವೆ ನಡೆಯುವ ದುರ್ಯೋಧನನ ವಿಷಯದಲ್ಲಿ ಕನ್ನಡ ವಾಚಕನಿಗೆ ಹುಟ್ಟಿದ ಮರುಕವು ಇಂದಿಗೂ ಆರಿಲ್ಲ. ದರ್ಪದಿಂದ ಕೆಟ್ಟವನಿಗೂ ಕರುಣೆಯು ಸಲ್ಲುವುದೆಂಬ ಈ ಪಾಠವನ್ನು ಕಲಿತ ಮನಸ್ಸಿಗೆ ಹೇಕೆಯವರ ಪತನವು ದುರ್ಬೋಧವಾಗಲಾರದು.

(೫)

ಇನ್ನು ಈ ಕೃತಿಯ ಅಂಗಿರಸವಾವುದೆಂಬುದು ವಿಚಾರಣೀಯವಾಗಿರುವುದು. ಮೇಲುನೋಟಕ್ಕೆ ಕರುಣವೆಂದೇ ತೋರುವುದು. ಆದರೆ ಆನಂದವರ್ಧನಾಚಾರ್ಯರು ಮಹಾಭಾರತದ ವಿಷಯದಲ್ಲಿ ಹೇಳಿದ ನಿರ್ಣಯವನ್ನು ಇಲ್ಲಿ ಸ್ಮರಿಸತಕ್ಕದ್ದು: ವೃಷ್ಣಿಗಳ ಮತ್ತು ಪಾಂಡವರ ವಿರಸಾವಸಾನದಿಂದ ವೈರಾಗ್ಯವು ಹುಟ್ಟುವುದರಿಂದ ಆ ಮಹಾಗ್ರಂಥದಲ್ಲಿ ಶಾಂತವೇ ಪ್ರಧಾನವೆಂದು ಅವರ ಮತ. ಹೇಕೆಕಥೆಗೆ ಅತ್ಯಂತ ಸಮೀಪವಾದುದು ಮೌಸಲಪರ್ವವೇ. ಅಲ್ಲಿಯೂ ಕುಲವೊಂದು ಮದದಿಂದ ನಾಶವಾಗುವುದು. ಸಮುದ್ರವು ದ್ವಾರಕೆಯನ್ನು ನುಂಗುವುದು. ಮುಂದಾಗುವುದನ್ನು ಬಲ್ಲವನೊಬ್ಬನು ಎಲ್ಲವನ್ನೂ ನೋಡುತ್ತಿರುವನು. ವ್ಯತ್ಯಾಸವಿಷ್ಟೇ: ಶ್ರೀಕೃಷ್ಣನು ತಡೆಯಬಲ್ಲವನಾಗಿಯೂ ತಡೆಯಲಿಲ್ಲ, ಬೀವಾ ತಡೆಯಬೇಕೆಂದು ಹಂಬಲಿಸಿಯೂ ತಡೆಯಲಾರಳು. ಆದುದರಿಂದ ಇಲ್ಲಿಯ ಶಾಂತವು ಈಶ್ವರನ ಶಾಂತವಲ್ಲ, ಅಸಹಾಯನಾದ ಮನುಷ್ಯನದು.

ಅಸಹಾಯನ ಶಾಂತವು ಉದಾಸೀನತೆಯಿಂದ ಭಿನ್ನವಾಗಿರುವುದು ಹೇಗೆ? ಈ ಪ್ರಶ್ನೆಯನ್ನು ಕಾರವಾರದಲ್ಲಿಯೇ ಹುಟ್ಟಿದ ಒಂದು ನಾಟಕವು ಹಿಂದೆಯೇ ಎತ್ತಿರುವುದು. ೧೮೮೩ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದಾಗ ಬರೆದ ‘ಪ್ರಕೃತಿರ್ ಪ್ರತಿಶೋಧ’ವೇ ಅದು. ಜಗತ್ತನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು ಜನರಿಂದ ತಿರಸ್ಕೃತಳಾದ ಅನಾಥಬಾಲಿಕೆಯೊಬ್ಬಳು ಆಶ್ರಯಿಸುವಳು. ಮಮತೆಗೆ ಹೆದರಿ ಅವನು ಅವಳನ್ನು ಬಿಟ್ಟು ಓಡುವನು. ಮನಸ್ಸು ತಿರುಗಿ ಬರುವಷ್ಟರಲ್ಲಿ ಅವಳು ತೀರಿರುವಳು. ಸ್ನೇಹವನ್ನು ಹೊರಗಿಟ್ಟು ಸಂಪಾದಿಸಿದ ವೈರಾಗ್ಯವು ಬರಿಯ ಶೂನ್ಯವೆಂಬುದು ಆ ನಾಟಕದ ತಾತ್ಪರ್ಯ. ಕವಿಯ ಮುಂದಿನ ಕೃತಿರಾಶಿಯ ನಡುವೆ ಮರೆಯಾದ ಈ ಎಳೆಯ ವಯಸ್ಸಿನ ರಚನೆಯನ್ನು ಹೇಕೆಮಾಲಿಕೆಯೊಡನೆ ಇಟ್ಟು ನೋಡಿದರೆ ಎರಡೂ ಪರಸ್ಪರ ಬೆಳಕು ಕೊಡುವುವು. ಒಂದರಲ್ಲಿ ಸ್ನೇಹವನ್ನು ತೊರೆದು ಶಾಂತಿಯನ್ನರಸಿದವನಿಗೆ ಶೋಕವು ದೊರೆಯುವುದು. ಇನ್ನೊಂದರಲ್ಲಿ ಶೋಕವನ್ನು ತೊರೆಯದೆ ಸ್ನೇಹಿಸಿದವರಿಗೆ ಶಾಂತಿಯು ದೊರೆಯುವುದು.

ಆ ಶಾಂತಿಯ ಮೂರ್ತಿಯಾಗಿರುವವಳು ತೊಕುಕೊ. ತಂದೆಯ ರಾಜಕಾರಣಕ್ಕೆ ದಾಳವಾಗಿ, ಗಂಡನನ್ನೂ ಮಗನನ್ನೂ ತಾಯಿಯನ್ನೂ ಕಳೆದುಕೊಂಡ ಈಕೆಯು ದ್ವೇಷಿಸುವುದಕ್ಕೆ ಬದಲಾಗಿ ಕ್ಷಮಿಸುವೆನೆಂದು ಬಹುಮುಂಚೆಯೇ ನಿಶ್ಚಯಿಸುವಳು. ಪ್ರಥಮದರ್ಶನದಲ್ಲಿ ಈ ಕ್ಷಮೆಯು ಅಬಲೆಯ ನಿರುಪಾಯದಂತೆ ತೋರಬಹುದು. ಮುಂದೆ ಅವಳು ಏನೇನನ್ನು ಕ್ಷಮಿಸಬೇಕಾಗುವುದೆಂಬುದನ್ನು ತಿಳಿದು ಎರಡನೆಯ ಸಲ ನೋಡುವವನಿಗೆ ಅದು ಆ ಕುಲದ ಯಾವ ಯೋಧನಲ್ಲಿಯೂ ಕಾಣದ ಧೈರ್ಯವೆಂದು ಗೊತ್ತಾಗುವುದು. ಕೊನೆಯಲ್ಲಿ ಗೊ-ಶಿರಕಾವಾ ಎಂಬ ವೃದ್ಧ ಚಕ್ರವರ್ತಿಯು ಓಹಾರಾಕ್ಕೆ ಬಂದು ಅವಳನ್ನು ಕಾಣುವಾಗ ಅವಳು ದೂರುವುದಿಲ್ಲ, ಸತ್ತವರಿಗಾಗಿ ಪ್ರಾರ್ಥಿಸುತ್ತಿರುವಳು. ಪಂಚವರ್ಣದ ಸೂತ್ರವನ್ನು ಹಿಡಿದ ಆ ಕೈಗಳ ಚಿತ್ರದಲ್ಲಿ ಕರುಣವು ಶಾಂತಕ್ಕೆ ಅಂಗವಾಗಿ ಒದಗಿರುವುದೇ ಹೊರತು ಅದರಲ್ಲಿ ಕರಗಿ ಹೋಗಿಲ್ಲ. ಆದುದರಿಂದ ಅಂಗಿರಸವು ಶಾಂತವೆಂದೂ, ಅದರ ಪೋಷಕವಾದ ಕರುಣವು ಕೊನೆಯವರೆಗೂ ಜೀವಂತವಾಗಿರುವುದೆಂದೂ ಹೇಳುವುದು ಯುಕ್ತವಾಗಿರುವುದು.

(೬)

ದೋಷಗಳನ್ನು ಮರೆಸುವುದು ವಿಮರ್ಶೆಯ ಧರ್ಮವಲ್ಲ. ಕಥಾಭಾರಕ್ಕೆ ಹನ್ನೊಂದು ಕಂತುಗಳು ಸಾಲದಾಗಿರುವುವು. ಗೆಂಜಿಕುಲದ ಯೊಶಿನಾಕಾ, ಯೊಶಿತ್ಸುನೆ ಮೊದಲಾದವರು ಮುಖ ತೋರಿಸಿ ಮರೆಯಾಗುವರು. ಅವರ ಪ್ರೇರಣೆಗಳು ವಿಶದವಾಗಿಲ್ಲ. ೧೧೮೪ರ ಇಚಿ-ನೊ-ತಾನಿಯ ಯುದ್ಧದಲ್ಲಿ ಕೊಳಲುಗಾರನಾದ ಬಾಲಯೋಧ ಅತ್ಸುಮೊರಿಯು ಕುಮಾಗಾಯಿ ನಾವೊಜಾನೆಯ ಕೈಯಲ್ಲಿ ಹತನಾಗುವ ಸನ್ನಿವೇಶವು, ಜಪಾನಿನ ನಾಟಕಗಳಲ್ಲಿ ಶತಮಾನಗಳಿಂದ ಬೆಳೆದು ಬಂದುದು, ಇಲ್ಲಿ ಇನ್ನಷ್ಟು ನಿಧಾನವನ್ನು ಬೇಡುವುದು. ಸುಡುವ ದೇಗುಲಗಳೂ ಮುಳುಗುವ ಹಡಗುಗಳೂ ಅತಿಸುಂದರವಾದ ವರ್ಣಗಳಲ್ಲಿ ತೋರಿರುವುದರಿಂದ ಹಿಂಸೆಯ ಕಾಠಿನ್ಯವು ಕೆಲವೆಡೆ ಮಸುಕಾಗಿರುವುದು. ಹೇಕೆಯವರಿಂದ ಪೀಡಿತರಾದ ಸಾಮಾನ್ಯಜನರ ಅಳಲು ಬೀವಾಳ ತಂದೆಯ ಕೊಲೆಯಲ್ಲಿ ಕಂಡುಬಂದುದು ಮುಂದೆ ಕ್ಷೀಣವಾಗುವುದು. ಪುನರ್ದರ್ಶನದಿಂದ ಹೆಸರುಗಳ ತೊಡಕು ನೀಗಬಹುದು. ಈ ಕೊರತೆಗಳು ನೀಗಲಾರವು.

ಕೊನೆಯದಾಗಿ ಹೇಳಿದ ಕೊರತೆಯು ಕೇವಲ ಕಾವ್ಯಗತವಾದುದಲ್ಲ. ‘ಎಲ್ಲವೂ ಅನಿತ್ಯ’ ಎಂಬ ಮಾತು ಯಾರು ಯಾರಿಗೆ ಹೇಳುವುದೆಂಬುದರ ಮೇಲೆ ಅದರ ಅರ್ಥವು ನಿಂತಿರುವುದು. ಕಾರವಾರ ಅಂಕೋಲೆಗಳ ಕಡಲತಡಿಯ ಜನರಿಗೆ ಊರು ಬಿಡುವುದೆಂದರೇನೆಂಬುದು ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. ೧೯೮೬ರಲ್ಲಿ ಶಂಕುಸ್ಥಾಪನೆಯಾಗಿ, ೨೦೦೫ರಲ್ಲಿ ‘ಐಎನ್‌ಎಸ್ ಕದಂಬ’ವೆಂಬ ನೌಕಾನೆಲೆಯಾಗಿ ಪರಿಣಮಿಸಿದ ಸೀಬರ್ಡ್ ಯೋಜನೆಗಾಗಿ ಈ ಎರಡು ತಾಲೂಕುಗಳ ಸಾವಿರಾರು ಕುಟುಂಬಗಳು ಮನೆಯನ್ನೂ ಗದ್ದೆಯನ್ನೂ ದೋಣಿಯಿಳಿಸುವ ದಂಡೆಯನ್ನೂ ಬಿಟ್ಟು ಹೊರಟುವು. ಹೇಕೆಯವರು ತಮ್ಮ ದರ್ಪದ ಫಲವಾಗಿ ಊರು ಬಿಟ್ಟರು; ಈ ಜನರಲ್ಲಿ ಅಂತಹ ದೋಷವೇನೂ ಇರಲಿಲ್ಲ. ಅನಿತ್ಯತೆಯ ಬೋಧೆಯು ಸಿಂಹಾಸನದಲ್ಲಿರುವ ಕಿಯೊಮೊರಿಗೆ ಸಲ್ಲುವ ಎಚ್ಚರಿಕೆಯಾಗಿರುವುದು. ಮನೆಯನ್ನು ಕಳೆದುಕೊಂಡವನ ಕೈಗೆ ಪರಿಹಾರದ ಬದಲಾಗಿ ಇಡತಕ್ಕ ವಸ್ತುವಲ್ಲ. ಮಾಲಿಕೆಯ ಉತ್ತಮಭಾಗಗಳು ಈ ವಿವೇಕವನ್ನು ಬಲ್ಲುವು. ದುಃಖಿತರ ಎದುರಿನಲ್ಲಿ ಬೀವಾ ವೇದಾಂತವನ್ನು ನುಡಿಯುವುದಿಲ್ಲ. ಅವರ ಬಳಿ ಕುಳಿತು ಅವರ ಹೆಸರುಗಳನ್ನು ನೆನಪಿನಲ್ಲಿಡುವಳು.

ಹಾಗಾದರೆ ಮುಂದಾಗುವುದನ್ನು ಕಂಡರೂ ತಡೆಯಲಾರದವಳ ಕಣ್ಣಿನಿಂದ ಪ್ರಯೋಜನವೇನು? ಕೃತಿಯು ಕೊಡುವ ಸಮಾಧಾನವು ಸರಳವಾದುದು: ಕಂಡವಳು ಹೇಳಬೇಕು. ದಾನ್-ನೊ-ಉರಾದ ಹಡಗಿನಲ್ಲಿಯೂ ಬೀವಾ ಇರುವಳು, ಕೊನೆಯವರೆಗೆ ನೋಡುವಳು, ಆ ಮೇಲೆ ಹಾಡುವಳು. ಕುಲವು ಸಮುದ್ರದ ಪಾಲಾಯಿತು. ಹಾಡು ಎಂಟು ನೂರಕ್ಕೂ ಮಿಕ್ಕ ವರ್ಷಗಳಿಂದ ಉಳಿದಿರುವುದು. ಅಕ್ಷರವನ್ನು ನೋಡಲಾರದ ಅಂಧಗಾಯಕರು ಅದನ್ನು ಉಳಿಸಿದರು. ಅಕ್ಷರವನ್ನು ಕಲಿಯದವರೂ ಕಾವ್ಯಕ್ಕೆ ಭಂಡಾರವಾಗಬಲ್ಲರೆಂಬುದಕ್ಕೆ ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗಿಂತ ಹೆಚ್ಚಿನ ನಿದರ್ಶನವು ಬೇಕಾಗಿಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಕಂಠದಲ್ಲಿಯೇ ಹೊತ್ತು ೨೦೧೭ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದ ಆಕೆಯು ೨೦೨೫ನೆಯ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಡುವವಳು ತೀರಿದ ಮೇಲೆ ಕೇಳಿದವರ ಮೇಲೆ ಭಾರವು ಬೀಳುವುದು.

ಒಟ್ಟಿನಲ್ಲಿ ‘ಹೇಕೆ ಮೊನೊಗತಾರಿ’ಯು ನಿರ್ದೋಷವಾದ ಕೃತಿಯಲ್ಲದಿದ್ದರೂ, ಬರೆದ ಚಿತ್ರಗಳ ಮೂಲಕ ಪ್ರೌಢವಾದ ರಸವನ್ನು ಸಾಧಿಸಿದ ಕೃತಿಗಳಲ್ಲಿ ಎಣಿಸತಕ್ಕುದಾಗಿರುವುದು. ಅದನ್ನು ಒಂದು ಸಲ ನೋಡಿ ಬಿಟ್ಟವರು ಮತ್ತೊಮ್ಮೆ ನೋಡುವುದು ಅವಶ್ಯ. ರಾತ್ರಿಯೆಲ್ಲ ಎಚ್ಚರವಿದ್ದು ತಿಳಿದ ಕಥೆಯನ್ನೇ ಮತ್ತೆ ನೋಡುವ ಅಭ್ಯಾಸವುಳ್ಳ ಬಯಲಾಟದ ಪ್ರೇಕ್ಷಕನಿಗಾದರೋ ಮೊದಲ ಕಂತಿನಿಂದಲೇ ಅದರ ದಾರಿಯು ತಿಳಿಯುವುದು.